ಸೋತು ಬಂದ ಮಕ್ಕಳಿಗೆ ಮೊದಲ ಮಾತು

‘ಸೋಲೇ ಗೆಲುವಿನ ಸೋಪಾನ’ ಎಂಬ ಮಾತು ಶಾಲೆಯ ಗೋಡೆಯ ಮೇಲೆ ಶೋಭಿಸುತ್ತದೆ. ಬಹುಮಾನ ವಿತರಣೆಯ ದಿನ ಅತಿಥಿಗಳ ಬಾಯಿಯಲ್ಲಿಯೂ ಶೋಭಿಸುತ್ತದೆ. ಆದರೆ ಸೋತು ಬಂದ ದಿನದ ಸಂಜೆ, ಸೋತವನ ಮನೆಯಲ್ಲಿ, ಆ ಮಾತಿಗೆ ಎಳ್ಳಷ್ಟೂ ಬೆಲೆಯಿರುವುದಿಲ್ಲ. ಜ್ವರದಲ್ಲಿ ಮಲಗಿದವನಿಗೆ ವ್ಯಾಯಾಮದ ಮಹಿಮೆಯನ್ನು ಬೋಧಿಸಿದಂತೆ ಅದು. ಮಾತು ನಿಜವೇ, ಹೊತ್ತು ಮಾತ್ರ ತಪ್ಪು. ಸೋಲಿಗೂ ಒಂದು ಪಥ್ಯವಿದೆ, ಒಂದು ಕ್ರಮವಿದೆ. ಆ ಕ್ರಮವನ್ನು ತಿಳಿಯದ ಮನೆಗಳಲ್ಲಿ ಮಕ್ಕಳು ಒಂದು ಪಂದ್ಯವನ್ನು ಮಾತ್ರವಲ್ಲದೆ ಆಟವನ್ನೇ, ಕೆಲವೊಮ್ಮೆ ಆರೋಗ್ಯವನ್ನೇ ಕಳೆದುಕೊಳ್ಳುತ್ತಾರೆ.

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮಂದಿರ, ಪಕ್ಕದಲ್ಲಿ ಹರಿಯುವ ಉಲ್ಹಾಸ ನದಿ – ಇವು ಆ ಊರಿನ ಗುರುತುಗಳು. ಮುರಬಾಡ ಮಾರ್ಗವಾಗಿ ಮಾಳಶೇಜ ಘಾಟಿನತ್ತ ಸಾಗುವ ಹೆದ್ದಾರಿಯೂ ಇಲ್ಲಿಂದಲೇ ಹೋಗುತ್ತದೆ. ರವಿವಾರದ ಬೆಳಗಿನ ಜಾವ ಆ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಹೋಗುವ ತರುಣರನ್ನು ಕಾಣಬಹುದು. ಅಂಥ ತರುಣನಿರುವ ಕನ್ನಡಿಗರ ಮನೆಯೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಂದೆ ಬಾಗಲಕೋಟೆ ಕಡೆಯವರು, ಪಾಳಿಯ ಕೆಲಸ. ಎರಡು ಕೋಣೆಯ ಮನೆ. ಮಗ ಆರು ತಿಂಗಳು ನಸುಕಿನ ನಾಲ್ಕು ಗಂಟೆಗೆ ಎದ್ದು ಅಭ್ಯಾಸ ಮಾಡಿದ್ದಾನೆ. ತಂದೆ ಸಾಲ ಮಾಡಿ ಸೈಕಲ್ ಕೊಡಿಸಿದ್ದಾರೆ. ಮಳೆಗಾಲದ ಕೊನೆಯಲ್ಲಿ ನಡೆದ ಗುಡ್ಡ-ಕೆಸರಿನ ಪಂದ್ಯವೊಂದರಲ್ಲಿ ಮಗ ಅರವತ್ತು ಮಂದಿಯಲ್ಲಿ ನಲವತ್ತೇಳನೆಯವನಾಗಿ, ಮುಂದಿನವರಿಗಿಂತ ಒಂದು ಸುತ್ತು ಹಿಂದೆ ಬಿದ್ದು ಮುಗಿಸಿದ್ದಾನೆ. ರಾತ್ರಿ ಮನೆಯ ಬಾಗಿಲಲ್ಲಿ ಸೈಕಲ್ ಆನಿಸಿ ನಿಂತ ಅವನಿಗೆ ಕೇಳಿಬರುವ ಮೊದಲ ಪ್ರಶ್ನೆ: “ಎಷ್ಟನೇ ನಂಬರ್ ಬಂದಿ?”

ಈ ಲೇಖನದ ವಿಷಯ ಆ ಪ್ರಶ್ನೆಯೇ.

ಕೆಸರಿನ ಪಂದ್ಯದ ಸ್ವರೂಪ

ಸೈಕ್ಲೋ-ಕ್ರಾಸ್ ಎಂಬ ಆಟ ಭಾರತದಲ್ಲಿ ಇನ್ನೂ ಅಪರಿಚಿತವೆಂದೇ ಹೇಳಬೇಕು. ಆದರೆ ಕರಾವಳಿಯ ಕೆಸರುಗದ್ದೆಯ ಓಟವನ್ನು ನೋಡಿ ಬೆಳೆದ ಮುಂಬಯಿ ಕನ್ನಡಿಗರಿಗೆ ಅದನ್ನು ತಿಳಿಸಿಕೊಡುವುದು ಸುಲಭ. ಅದು ಸೈಕಲ್ ಸಹಿತವಾದ ಕೆಸರುಗದ್ದೆಯ ಓಟ. ಎರಡೂವರೆ ಮೂರು ಕಿಲೋಮೀಟರಿನ ಸುತ್ತುದಾರಿ. ಅದರಲ್ಲಿ ಕೆಸರು, ಮರಳು, ದಿಣ್ಣೆ, ಮೆಟ್ಟಿಲು, ಅಡ್ಡ ನಿಲ್ಲಿಸಿದ ಹಲಗೆ. ತುಳಿಯಲಾಗದ ಕಡೆ ಸವಾರ ಇಳಿದು, ಸೈಕಲನ್ನು ಹೆಗಲಿಗೇರಿಸಿ ಓಡಬೇಕು. ಉನ್ನತ ಮಟ್ಟದ ಪುರುಷರ ಪಂದ್ಯ ಸುಮಾರು ಒಂದು ಗಂಟೆಯದು. ಫ್ರಾನ್ಸ್ ದೇಶದಲ್ಲಿ 1902ರಲ್ಲಿ ಇದರ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು.

ಈ ಆಟದಲ್ಲಿ ಸೋಲು ವಿಶೇಷವಾಗಿ ನಿಷ್ಠುರವಾದುದು. ಹಿಂದಿನ ಸಾಧನೆಯುಳ್ಳವರು ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಹೊಸಬರು ಕೊನೆಯ ಸಾಲಿನಲ್ಲಿ. ದಾರಿ ಇಕ್ಕಟ್ಟಾದುದರಿಂದ ಹಿಂದಿನ ಸಾಲಿನವನು ಮೊದಲ ತಿರುವಿನಲ್ಲಿಯೇ ಅಡಚಣೆಗೆ ಸಿಲುಕುತ್ತಾನೆ. ಮುಂದಾಳು ಒಂದು ಸುತ್ತು ಮುಂದೆ ಬಂದು ಹಿಂದಿನವರನ್ನು ದಾಟುವ ಸಂಭವ ಕಂಡರೆ, ದೊಡ್ಡ ಪಂದ್ಯಗಳಲ್ಲಿ ಹಿಂದಿನವರನ್ನು ನಡುವೆಯೇ ಹೊರಗೆ ಕಳಿಸಿಬಿಡುತ್ತಾರೆ. ಸೈಕಲ್ ಕೆಸರಿನಿಂದ ಕಟ್ಟಿಕೊಂಡಾಗ ಬದಲಾಯಿಸಲು ಇನ್ನೊಂದು ಸೈಕಲ್, ಅದನ್ನು ತೊಳೆದು ಕೊಡಲು ಇನ್ನೊಬ್ಬ ಮನುಷ್ಯ ಬೇಕು. ಉಳ್ಳವನಿಗೂ ಇಲ್ಲದವನಿಗೂ ಅಲ್ಲಿಯೇ ಅಂತರ ಬೀಳುತ್ತದೆ. ಫಲಿತಾಂಶದ ಹಾಳೆಯಲ್ಲಿ ಇದಾವುದೂ ಕಾಣುವುದಿಲ್ಲ. ಕಾಣುವುದು ಒಂದು ಅಂಕಿ ಮಾತ್ರ.

ಭಾರತದಲ್ಲಿ ಇದಕ್ಕೆ ಹತ್ತಿರವಾದುದು ಗುಡ್ಡಗಾಡಿನ ಸೈಕಲ್ ಪಂದ್ಯ. 2022ರಲ್ಲಿ ಅದರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗದಗದಲ್ಲಿಯೇ ನಡೆದುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ರೈತರ ಮಕ್ಕಳು ಸೈಕಲ್ ಕ್ರೀಡೆಯಲ್ಲಿ ಕರ್ನಾಟಕದ ಹೆಸರನ್ನು ಎತ್ತಿಹಿಡಿದಿದ್ದಾರೆ. ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಯ ಹೆಸರು ಆ ವಲಯದಲ್ಲಿ ಚಿರಪರಿಚಿತ. ಇತ್ತ ಮುಂಬಯಿ-ಪುಣೆ ಸೈಕಲ್ ಪಂದ್ಯದಲ್ಲಿ ಬೋರ್ ಘಾಟನ್ನು ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದುಂಟು. ರಾಜನಾಗುವವನು ಒಬ್ಬನೇ. ಆ ಘಾಟನ್ನು ಏರುವವರು ಮಾತ್ರ ಅನೇಕರು.

ಎರಡನೆಯವನ ಮನೆತನ

ಸೋಲನ್ನು ಸಹಿಸುವ ವಿದ್ಯೆಗೆ ಈ ಕ್ರೀಡೆಯ ಇತಿಹಾಸದಲ್ಲಿಯೇ ಒಂದು ಮನೆತನದ ನಿದರ್ಶನವಿದೆ. ಫ್ರಾನ್ಸಿನ ರೇಮಂಡ್ ಪುಲಿದೋರ್ ಜಗತ್ಪ್ರಸಿದ್ಧ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಹದಿನಾಲ್ಕು ಬಾರಿ ಭಾಗವಹಿಸಿದರು. ಮೂರು ಬಾರಿ ಎರಡನೆಯ ಸ್ಥಾನ, ಐದು ಬಾರಿ ಮೂರನೆಯ ಸ್ಥಾನ. 1964ರಲ್ಲಿ ಮೂರು ವಾರಗಳ ಪಂದ್ಯದ ಕೊನೆಯಲ್ಲಿ ಕೇವಲ 55 ಸೆಕೆಂಡುಗಳಿಂದ ಸೋತರು. ಮುನ್ನಡೆಯಲ್ಲಿರುವವನು ತೊಡುವ ಹಳದಿ ಅಂಗಿಯನ್ನು ಜೀವಮಾನದಲ್ಲಿ ಒಂದು ದಿನವೂ ತೊಡಲಿಲ್ಲ. ಆದರೂ ಗೆದ್ದವರಿಗಿಂತ ಹೆಚ್ಚಾಗಿ ಜನ ಅವರನ್ನು ಪ್ರೀತಿಸಿದರು. ಅವರು ನಲವತ್ತರ ವಯಸ್ಸಿನಲ್ಲಿಯೂ, ಅಂದರೆ 1976ರಲ್ಲಿ, ಮೂರನೆಯವರಾಗಿ ಮುಗಿಸಿದರು.

ಅವರ ಅಳಿಯ ಹಾಲೆಂಡಿನ ಆಡ್ರಿ ಫಾನ್ ಡೆರ್ ಪೂಲ್ ಕೆಸರಿನ ಪಂದ್ಯದ ವೀರ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1985ರಲ್ಲಿ ಎರಡನೆಯ ಸ್ಥಾನ. ಮತ್ತೆ 1988ರಿಂದ 1991ರವರೆಗೆ ಸತತ ನಾಲ್ಕು ವರ್ಷ ಎರಡನೆಯ ಸ್ಥಾನ. ಒಮ್ಮೆ ಒಬ್ಬನಿಂದ, ಮತ್ತೊಮ್ಮೆ ಇನ್ನೊಬ್ಬನಿಂದ, ಐದು ಸಲವೂ ಬೇರೆಬೇರೆಯವರಿಂದ ಸೋಲು! ಸಾಮಾನ್ಯ ಮನುಷ್ಯ ಅಲ್ಲಿಗೆ ಸೈಕಲನ್ನು ಗೂಟಕ್ಕೆ ತೂಗುಹಾಕುತ್ತಿದ್ದ. ಅವರು ಮಾತ್ರ 1996ರಲ್ಲಿ, ಮೊದಲ ಬೆಳ್ಳಿಯ ಹನ್ನೊಂದು ವರ್ಷಗಳ ಅನಂತರ, ಚಿನ್ನ ಗೆದ್ದರು.

ಆಡ್ರಿಯವರ ಮಗ ಮಾಥ್ಯೂ 2025ರವರೆಗೆ ಅದೇ ಕೆಸರಿನ ಪಂದ್ಯದಲ್ಲಿ ಏಳು ಬಾರಿ ವಿಶ್ವ ಚಾಂಪಿಯನ್ನರಾದರು. ತಾತ ಪುಲಿದೋರ್ 2019ರಲ್ಲಿ ತೀರಿಕೊಂಡರು. ಅವರು ಕಾಣದ ಹಳದಿ ಅಂಗಿಯನ್ನು ಮೊಮ್ಮಗ 2021ರ ಜೂನ್ ತಿಂಗಳಲ್ಲಿ ತೊಟ್ಟು, ತಾತನನ್ನು ನೆನೆದು ಕಣ್ಣೀರಿಟ್ಟರು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮರುತಿಂಗಳೇ ಟೋಕಿಯೋ ಒಲಿಂಪಿಕ್ಸ್‌ನ ಗುಡ್ಡಗಾಡಿನ ಪಂದ್ಯದಲ್ಲಿ ಅವರು ಬಂಡೆಯೊಂದರಿಂದ ಕೆಳಗುರುಳಿ, ಮುಗಿಸಲಾರದೆ ಹಿಂದೆ ಸರಿದರು. ಮುಂದಿನ ಚಳಿಗಾಲದಲ್ಲಿ ಬೆನ್ನುನೋವಿನ ಕಾರಣ ಕೆಸರಿನ ಪಂದ್ಯಗಳನ್ನು ಅರ್ಧಕ್ಕೇ ನಿಲ್ಲಿಸಿದರು. 2023ರಲ್ಲಿ ಮತ್ತೆ ವಿಶ್ವ ಚಾಂಪಿಯನ್ನರಾದರು. ನೋವನ್ನು ಅಡಗಿಸಿಕೊಂಡು ತುಳಿಯದೆ, ನಿಲ್ಲಬೇಕಾದಲ್ಲಿ ನಿಂತುದೂ ಅವರ ಸಾಧನೆಯ ಒಂದು ಭಾಗವೇ ಸರಿ.

ಭಾರತೀಯ ಉದಾಹರಣೆಯೂ ಇಲ್ಲದಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ. ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚನ್ನು ಕಳೆದುಕೊಂಡರು. ಎರಡೇ ವರ್ಷಗಳಲ್ಲಿ, ಸೋಲ್ ಏಷ್ಯನ್ ಕ್ರೀಡೆಗಳಲ್ಲಿ, ನಾಲ್ಕು ಚಿನ್ನ ಮತ್ತು ಒಂದು ಬೆಳ್ಳಿ ಗೆದ್ದರು. ಆದರೆ ಈ ಉದಾಹರಣೆಗಳನ್ನು ‘ನೋಡು, ಅವರೆಲ್ಲ ಮುಂದೆ ಗೆದ್ದರು, ನೀನೂ ಗೆಲ್ಲುತ್ತೀಯೆ’ ಎಂದು ಹೇಳಲು ಬಳಸಬಾರದು. ಪುಲಿದೋರ್ ಟೂರ್ ದ ಫ್ರಾನ್ಸ್ ಪಂದ್ಯವನ್ನು ಮುಂದೆಯೂ ಗೆಲ್ಲಲಿಲ್ಲ. ಗೆಲ್ಲದಿದ್ದರೂ ಅವರ ಬಾಳು ಹಾಳಾಗಲಿಲ್ಲ. ಕಲಿಯಬೇಕಾದ ಪಾಠ ಇದು.

ದಣಿದ ಮೈ, ಕಪ್ಪು ಕನ್ನಡಕ

ಸೋಲಿನ ದುಃಖವೆಂದು ತೋರುವುದರಲ್ಲಿ ಒಂದು ಪಾಲು ಬರಿಯ ದಣಿವು. ಒಂದು ಗಂಟೆಯ ಕಾಲ ಎದೆ ಬಿರಿಯುವಂತೆ ದುಡಿದ ದೇಹದಲ್ಲಿ ಸ್ನಾಯುಗಳು ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು ಬಹುಮಟ್ಟಿಗೆ ಕರಗಿರುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೋಗಿರುತ್ತವೆ. ಪಂದ್ಯದ ಉದ್ವೇಗ ಮಾತ್ರ ಇನ್ನೂ ಇಳಿದಿರುವುದಿಲ್ಲ. ಆದುದರಿಂದಲೇ ಅಂದಿನ ರಾತ್ರಿ ಎಷ್ಟೋ ಮಂದಿಗೆ ಹಸಿವಿದ್ದರೂ ಊಟ ಸೇರುವುದಿಲ್ಲ, ದಣಿವಿದ್ದರೂ ನಿದ್ರೆ ಹತ್ತುವುದಿಲ್ಲ. ಇಂಥ ಸ್ಥಿತಿಯಲ್ಲಿ ಮನಸ್ಸು ಕಪ್ಪು ಕನ್ನಡಕ ಹಾಕಿಕೊಂಡೇ ಎಲ್ಲವನ್ನೂ ನೋಡುತ್ತದೆ. ‘ನನ್ನಿಂದ ಏನೂ ಆಗದು, ಸೈಕಲ್ ಮಾರಿಬಿಡಿ’ ಎಂಬ ಮಾತು ಹುಟ್ಟುವುದು ಆಗಲೇ. ಆ ರಾತ್ರಿ ಯಾವ ನಿರ್ಧಾರವನ್ನೂ ಮಾಡಬಾರದು, ಮಾಡಗೊಡಲೂ ಬಾರದು.

ಮೊದಲ ಚಿಕಿತ್ಸೆ ಅಡಿಗೆಮನೆಯಲ್ಲಿದೆ. ಪಂದ್ಯ ಮುಗಿದ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಬಾಳೆಹಣ್ಣು, ಶೇಂಗಾ ಚಿಕ್ಕಿ, ಉಪ್ಪು-ಸಕ್ಕರೆ ಬೆರೆಸಿದ ಲಿಂಬೆಹಣ್ಣಿನ ಪಾನಕ, ಮಜ್ಜಿಗೆ ಇವು ದಾರಿಯಲ್ಲಿಯೇ ದೊರೆಯುವಂಥವು. ಮನೆಗೆ ಬಂದ ಮೇಲೆ ಅನ್ನ-ಸಾರು, ಬೇಳೆ, ಮೊಸರನ್ನ, ಜೋಳದ ರೊಟ್ಟಿ, ಮೊಟ್ಟೆ – ಆ ಮನೆಯ ರೂಢಿಯ ಊಟವೇ ಸಾಕು. ದುಬಾರಿಯ ಡಬ್ಬದ ಪುಡಿಗಳು ಬೇಕಾಗಿಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಬೇಕು. ಮಾಂಸಖಂಡಗಳ ನೋವು ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಾಗಿ ಅನಂತರ ಇಳಿಯುತ್ತದೆ. ಆ ದಿನಗಳಲ್ಲಿ ಮಂದಗತಿಯ ನಡಿಗೆ, ಹಗುರ ಸವಾರಿ ಹಿತಕರ. ಸೋತ ಸಿಟ್ಟಿಗೆ ಮರುದಿನವೇ ಇಮ್ಮಡಿ ಅಭ್ಯಾಸಕ್ಕೆ ಇಳಿಯುವುದು ದೇಹಕ್ಕೆ ಬಡ್ಡಿಯ ಮೇಲೆ ಬಡ್ಡಿ ಹೇರಿದಂತೆ.

ಒಂದು ವಾರ ಕಳೆದ ಮೇಲೆಯೂ ಬೆಳಗ್ಗೆ ಏಳುವಾಗ ನಾಡಿಬಡಿತ ವಾಡಿಕೆಗಿಂತ ಹೆಚ್ಚಾಗಿದ್ದರೆ, ಏದುಸಿರು, ಬಳಲಿಕೆ ಹೋಗದಿದ್ದರೆ, ಹುಡುಗನನ್ನು ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ವಿವೇಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ, ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31 ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಶಕ್ತಿಯೇ ಕುಂದಿರುವಾಗ ಘಾಟು ಏರುವುದೆಂತು? ಇತ್ತೀಚೆಗೆ ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದುಹೋಗಿದ್ದರೂ ಹಾಗೆಯೇ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವ, ದಿನಕ್ಕೆ ಮೂರು ಗಂಟೆ ಲೋಕಲ್ ಗಾಡಿಯಲ್ಲಿ ನಿಂತು ಕಾಲೇಜಿಗೆ ಹೋಗಿಬರುವ ಹುಡುಗನ ದೇಹ, ಎಂಟು ಗಂಟೆ ನಿದ್ರಿಸುವವನ ದೇಹದೊಡನೆ ಸ್ಪರ್ಧಿಸಬೇಕಾಗಿದೆ ಎಂಬುದನ್ನೂ ಮರೆಯಬಾರದು.

ಲಾಭ-ನಷ್ಟದ ಖಾತೆ, ಅಢಾವೆ ಪತ್ರಿಕೆ

ದಣಿವು ಇಳಿದ ಮೇಲೆ, ಎರಡು ಮೂರು ದಿನಗಳ ಅನಂತರ, ಲೆಕ್ಕ ನೋಡಬಹುದು. ವಾಣಿಜ್ಯಶಾಸ್ತ್ರ ಓದಿದವರಿಗೆಲ್ಲ ತಿಳಿದಿರುವಂತೆ ಲಾಭ-ನಷ್ಟದ ಖಾತೆ ಬೇರೆ, ಅಢಾವೆ ಪತ್ರಿಕೆ ಬೇರೆ. ಮೊದಲನೆಯದು ಒಂದು ಅವಧಿಯಲ್ಲಿ ಬಂದುದೆಷ್ಟು, ಹೋದುದೆಷ್ಟು ಎಂಬುದನ್ನು ಹೇಳುತ್ತದೆ. ಎರಡನೆಯದು ಸಂಸ್ಥೆ ಹುಟ್ಟಿದಂದಿನಿಂದ ಕೂಡಿಬಂದ ಆಸ್ತಿ-ಹೊಣೆಗಳ ಸ್ಥಿತಿಯನ್ನು ತೋರಿಸುತ್ತದೆ. ಒಂದು ವರ್ಷ ನಷ್ಟವಾದ ಮಾತ್ರಕ್ಕೆ ಯಾವ ಸಂಸ್ಥೆಯೂ ದಿವಾಳಿಯಾಗುವುದಿಲ್ಲ. ಪಂದ್ಯದ ಫಲಿತಾಂಶ ಒಂದು ಗಂಟೆಯ ಲಾಭ-ನಷ್ಟದ ಖಾತೆ. ಆರು ತಿಂಗಳ ನಸುಕಿನ ಏಳುವಿಕೆ, ಬಲಗೊಂಡ ಹೃದಯ-ಶ್ವಾಸಕೋಶಗಳು, ಬಿಟ್ಟುಹೋದ ದುಶ್ಚಟಗಳು, ಸೈಕಲ್ ಬಿಚ್ಚಿ ಜೋಡಿಸುವ ಕೈಚಳಕ, ಮುರಬಾಡ ರಸ್ತೆಯ ಗೆಳೆಯರು – ಇವು ಅಢಾವೆ ಪತ್ರಿಕೆಯ ಆಸ್ತಿಯ ಬದಿಯಲ್ಲಿ ಹಾಗೆಯೇ ಉಳಿದಿರುತ್ತವೆ.

ಒಂದು ನೋಟುಪುಸ್ತಕದ ಹಾಳೆಯನ್ನು ಎರಡು ಭಾಗ ಮಾಡಿ, ಒಂದೆಡೆ ತನ್ನ ಕೈಯಲ್ಲಿದ್ದುದನ್ನೂ ಇನ್ನೊಂದೆಡೆ ತನ್ನ ಕೈಯಲ್ಲಿಲ್ಲದುದನ್ನೂ ಬರೆಯುವುದು ಒಳ್ಳೆಯ ಉಪಾಯ. ಕೊನೆಯ ಸಾಲಿನ ಪ್ರಾರಂಭ, ಹಿಂದಿನ ರಾತ್ರಿಯ ಮಳೆ, ಮುಂದಿನವನು ಬಿದ್ದುದು – ಇವು ಕೈಯಲ್ಲಿಲ್ಲದುವು. ಟಯರಿನಲ್ಲಿ ಗಾಳಿ ಹೆಚ್ಚಾಗಿದ್ದು ಕೆಸರಿನಲ್ಲಿ ಜಾರಿದುದು, ಮೊದಲ ಸುತ್ತಿನಲ್ಲಿಯೇ ಶಕ್ತಿಯನ್ನೆಲ್ಲ ಸುರಿದುದು, ಸೈಕಲ್ ಹೊತ್ತು ಓಡುವ ಅಭ್ಯಾಸ ಮಾಡದಿದ್ದುದು – ಇವು ಕೈಯಲ್ಲಿದ್ದುವು. ಎರಡನೆಯ ಪಟ್ಟಿಯಿಂದ ಒಂದೋ ಎರಡೋ ಅಂಶಗಳನ್ನು ಮಾತ್ರ ಆರಿಸಿ ಮುಂದಿನ ಮೂರು ತಿಂಗಳು ತಿದ್ದಿಕೊಂಡರೆ ಸಾಕು. ಮುಂದಿನ ಪಂದ್ಯಕ್ಕೆ ಗುರಿಯನ್ನೂ ಅಂಕಿಯಿಂದ ಬೇರ್ಪಡಿಸಬಹುದು. ‘ಹತ್ತರೊಳಗೆ ಬರಬೇಕು’ ಎಂಬುದು ಇತರರ ಕಾಲುಗಳನ್ನೂ ಅವಲಂಬಿಸಿದ ಗುರಿ. ‘ಕೊನೆಯ ಸುತ್ತನ್ನೂ ಮೊದಲ ಸುತ್ತಿನ ವೇಗದಲ್ಲಿಯೇ ಮುಗಿಸಬೇಕು’ ಎಂಬುದು ತನ್ನ ಕಾಲುಗಳನ್ನು ಮಾತ್ರ ಅವಲಂಬಿಸಿದ ಗುರಿ.

ಹೀಗಿದ್ದೂ ಕೆಲವರಲ್ಲಿ ದುಃಖ ಇಳಿಯದೆ ಬೇರೂರುವುದುಂಟು. ಎರಡು ವಾರಗಳಾದರೂ ನಿದ್ರೆ-ಊಟ ಸರಿಹೋಗದಿದ್ದರೆ, ಗೆಳೆಯರ ಮುಖ ನೋಡಲು ಒಲ್ಲದಿದ್ದರೆ, ಬದುಕು ಬೇಡವೆಂಬ ಮಾತು ಹಾಸ್ಯಕ್ಕಾದರೂ ಬಾಯಿಗೆ ಬಂದರೆ, ಅದನ್ನು ಹಟವೆಂದೂ ಸೋಗೆಂದೂ ತಳ್ಳಿಹಾಕಬಾರದು. ತಡಮಾಡದೆ ವೈದ್ಯರನ್ನು ಕಾಣಬೇಕು. ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವ ಈ ಉಚಿತ ಸೇವೆಯಲ್ಲಿ ಹಗಲಿರುಳೂ ಮಾತನಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಪರಊರಿನಲ್ಲಿ ನೆಲೆಸಿದವರಿಗೆ ದುಃಖವನ್ನು ತಾಯಿನುಡಿಯಲ್ಲಿ ಹೇಳಿಕೊಳ್ಳುವ ಅವಕಾಶ ಸಣ್ಣದಲ್ಲ.

ಅಂಕಿಯ ಮೋಹ

ಊರು ಬಿಟ್ಟು ಬಂದ ಸಂಸಾರಗಳಿಗೆ ಅಂಕಿಯ ಮೇಲೆ ಅತಿಯಾದ ಮೋಹವಿರುವುದು ಸಹಜ. ಇಲ್ಲಿ ಹೊಲವಿಲ್ಲ, ಮನೆತನದ ಹೆಸರು ಯಾರಿಗೂ ಗೊತ್ತಿಲ್ಲ. ಮಕ್ಕಳ ಮಾರ್ಕು, ಮಕ್ಕಳ ಪಗಾರ, ಇವೇ ಇಲ್ಲಿ ಊರಿಗೆ ಹೋದಾಗ ತೋರಿಸಬಹುದಾದ ಗಳಿಕೆ. ಹೀಗಾಗಿ ತಂದೆಯ ‘ಎಷ್ಟನೇ ನಂಬರ್?’ ಎಂಬ ಪ್ರಶ್ನೆಯಲ್ಲಿ ಕ್ರೌರ್ಯವಿಲ್ಲ. ಅದರಲ್ಲಿ ಇಪ್ಪತ್ತೈದು ವರ್ಷಗಳ ಪಾಳಿಯ ಕೆಲಸವಿದೆ, ತೀರದ ಸಾಲವಿದೆ. ಮಗನಿಗೂ ಅದು ಗೊತ್ತು. ಗೊತ್ತಿರುವುದರಿಂದಲೇ ಆ ಪ್ರಶ್ನೆ ಅವನಿಗೆ ಅಷ್ಟು ಭಾರ. ಅವನು ಕೆಸರಿನಲ್ಲಿ ಹೊತ್ತು ಓಡಿದುದು ಸೈಕಲನ್ನು ಮಾತ್ರವಲ್ಲ.

ಅದೇ ಮನೆಯಲ್ಲಿ ತಾಯಿ ಒಳಗಿನಿಂದಲೇ, “ಮೊದಲ ಕೈಕಾಲ ತೊಳಕೊ, ಊಟಕ್ಕ ಬಾ” ಎಂದರೆ, ಆಕೆ ಯಾವ ಮನಃಶಾಸ್ತ್ರವನ್ನೂ ಓದದೆ ಸರಿಯಾದ ಔಷಧವನ್ನೇ ಕೊಟ್ಟಂತಾಯಿತು. ಆ ಮಾತಿನಲ್ಲಿ ಅಂಕಿಯಿಲ್ಲ. ಗೆದ್ದು ಬಂದಿದ್ದರೂ ಆಕೆ ಅದನ್ನೇ ಹೇಳುತ್ತಿದ್ದಳೆಂಬುದು ಮಗನಿಗೆ ಗೊತ್ತು. ಫಲಿತಾಂಶ ಅವನಾಗಿಯೇ ಹೇಳುವವರೆಗೆ ಕಾಯುವುದು, ಹೇಳಿದಾಗ ನಡುವೆ ಬಾಯಿ ಹಾಕದೆ ಕೇಳುವುದು, ಪಕ್ಕದ ಮನೆಯ ಹುಡುಗನ ಹೆಸರೆತ್ತದಿರುವುದು, ‘ಹೋಗಲಿ ಬಿಡು, ಅದೇನು ಮಹಾ’ ಎಂದು ಅವನ ಆರು ತಿಂಗಳನ್ನು ಹಗುರ ಮಾಡದಿರುವುದು – ಹಿರಿಯರ ಕರ್ತವ್ಯ ಇಷ್ಟೇ. ದುಃಖಕ್ಕೆ ಅರ್ಹವಾದುದಕ್ಕೆ ದುಃಖಿಸಲು ಮಕ್ಕಳಿಗೆ ಹಕ್ಕಿದೆ.

ಕನ್ನಡ ಸಂಘಗಳ ಹೊಣೆಯೂ ಇಲ್ಲಿದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಶೇಕಡಾ ತೊಂಬತ್ತರ ಮೇಲೆ ಅಂಕ ಪಡೆದವರಿಗೆ, ಪದಕ ಗೆದ್ದವರಿಗೆ ಶಾಲು-ಹಾರಗಳ ಸನ್ಮಾನ ನಡೆಯುತ್ತದೆ. ಅದು ನಡೆಯಲೇಬೇಕು. ಆದರೆ ಸಭಾಂಗಣದಲ್ಲಿ ಕುಳಿತು ಚಪ್ಪಾಳೆ ತಟ್ಟುವ ಉಳಿದ ಮಕ್ಕಳು ಅಲ್ಲಿಂದ ಯಾವ ಪಾಠ ಹೊತ್ತು ಹೋಗುತ್ತಾರೆ? ವರ್ಷವಿಡೀ ಅಭ್ಯಾಸ ಬಿಡದೆ, ಪಂದ್ಯವನ್ನು ನಡುವೆ ತೊರೆಯದೆ ಮುಗಿಸಿದ ಮಕ್ಕಳನ್ನೂ ಒಮ್ಮೆ ಅದೇ ವೇದಿಕೆಗೆ ಕರೆದು, ಸ್ಥಾನವನ್ನು ಹೇಳದೆ ಹೆಸರನ್ನು ಮಾತ್ರ ಹೇಳಿ ಗೌರವಿಸಿದರೆ, ಸಂಘಕ್ಕೆ ಒಂದು ಹಾರದ ಖರ್ಚು ಹೆಚ್ಚಾದೀತು; ಆದರೆ ಒಂದು ಮನೆ ಉಳಿದೀತು.

ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಕಟ್ಟಕಡೆಯವನಾಗಿ ಮುಗಿಸಿದವನಿಗೆ ‘ಕೆಂಪು ಲಾಂದ್ರ’ ಎಂಬ ಹೆಸರಿದೆ. ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರದು. ಬೆಲ್ಜಿಯಮಿನ ವಿಮ್ ವಾನ್ಸೆವೆನಾಂಟ್ 2006, 2007, 2008 ಮೂರು ವರ್ಷವೂ ಕಟ್ಟಕಡೆಯವರಾಗಿ ಬಂದು ಕೀರ್ತಿವಂತರಾದರು. ನಡುವೆ ಬಿಟ್ಟುಹೋದವರು ಪಟ್ಟಿಯಲ್ಲಿರುವುದಿಲ್ಲ, ಕೊನೆಯವನು ಇರುತ್ತಾನೆ.

ರೈಲಿನ ನಾಡಿನಲ್ಲಿ ಬಾಳುವವರಿಗೆ ಆ ದೀಪದ ಅರ್ಥವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗಾಡಿ ನಿಲ್ದಾಣವನ್ನು ದಾಟುವಾಗ ರೈಲ್ವೆ ನೌಕರರು ಕೊನೆಯ ಡಬ್ಬಿಯ ಗುರುತನ್ನು ನೋಡುತ್ತಾರೆ. ಅದು ಕಂಡರೆ ಗಾಡಿ ಎಲ್ಲಿಯೂ ತುಂಡಾಗಿಲ್ಲ, ಪೂರ್ತಿಯಾಗಿ ಬಂದಿದೆ ಎಂದರ್ಥ. ರಾತ್ರಿ ಶಹಾಡಿನ ಫಲಾಟಿನಲ್ಲಿ ಸೈಕಲಿನೊಡನೆ ಇಳಿದು ಮನೆಯ ದಾರಿ ಹಿಡಿದ ಹುಡುಗ ನಲವತ್ತೇಳನೆಯವನಿರಬಹುದು. ಅವನು ಪೂರ್ತಿಯಾಗಿ ಬಂದಿದ್ದಾನೆಯೇ, ಒಳಗೆ ಎಲ್ಲಿಯೂ ತುಂಡಾಗದೆ ಬಂದಿದ್ದಾನೆಯೇ ಎಂಬುದನ್ನು ಮನೆಯವರು ಮೊದಲು ನೋಡಲಿ. ಅಂಕಿಯನ್ನು ಊಟದ ಮೇಲೆ ಕೇಳಿದರಾಯಿತು.